ಹಳೇ ಮನೆ ಬಿಚ್ಚಲು ಯಾವ ಗರಗಸ? ನಾವು ಕಲಿತದ್ದು

ಹೋದ ಬೇಸಿಗೆಯಲ್ಲಿ ನಾವು ಒಂದು ಗರಗಸ ಕೊಂಡೆವು. ಕೈಗರಗಸ ಅಲ್ಲ, ಮಷಿನ್. ಅಂಗಡಿಯವರು ಅದನ್ನು ರೆಸಿಪ್ರೊ ಸಾ ಅನ್ನುತ್ತಾರೆ, ಕೆಲವರು ಸೇಬರ್ ಸಾ ಅನ್ನುತ್ತಾರೆ. ನಮ್ಮ ಓಣಿಯ ಹುಡುಗರು ಅದಕ್ಕೆ ‘ಹಿಂದ-ಮುಂದ ಮಷಿನ್’ ಎಂದು ಹೆಸರಿಟ್ಟರು. ಅದನ್ನು ಕೊಳ್ಳುವ ಮೊದಲು ನಮಗೆ ಯಾರೂ ಸರಿಯಾಗಿ ಏನೂ ಹೇಳಲಿಲ್ಲ. ಕೊಂಡ ಮೇಲೆ ತಪ್ಪು ಮಾಡಿ ಮಾಡಿ ಕಲಿತೆವು. ನಿಮ್ಮ ಊರಲ್ಲೂ ಬೀಳುವ ಹಂತದ ಹಳೇ ಮನೆ ಇರಬಹುದು ಎಂದು ಇದನ್ನು ಬರೆಯುತ್ತಿದ್ದೇವೆ.

ನಾವು ಅಂದರೆ ಅಣ್ಣ ತಮ್ಮಂದಿರು ಮೂವರು. ಒಬ್ಬರಿಗೆ ಪತ್ರಿಕೋದ್ಯಮದ ಡಿಪ್ಲೊಮಾ, ಸುದ್ದಿ ಕಳಿಸುವ ಕೆಲಸ. ಒಬ್ಬ ಗೌಂಡಿ. ಒಬ್ಬ ಬಡಿಗೆತನ ಕಲಿತವ, ದೊಡ್ಡಪ್ಪನ ಮಗ, ಎಲ್ಲರಿಗಿಂತ ಸಣ್ಣವ. ಸುದ್ದಿಯ ರೊಕ್ಕದಲ್ಲಿ ಮನೆ ನಡೆಯುವುದಿಲ್ಲ ಎಂಬುದು ಈ ಕೆಲಸದಲ್ಲಿ ಇರುವ ಎಲ್ಲರಿಗೂ ಗೊತ್ತು. ಹಾಗಾಗಿ ಕೈಗೆ ಬಿಡುವಾದಾಗ ಮೂವರೂ ಕೂಡಿ ಹಳೇ ಮನೆ ಕೆಡವುವ, ಕಟ್ಟಿಗೆ ಇಳಿಸುವ ಕೆಲಸ ಹಿಡಿಯುತ್ತೇವೆ.

ದೊಡ್ಡಪ್ಪನ ಮನೆ ಮಲಪ್ರಭೆಯ ದಂಡೆಯ ಊರಲ್ಲಿ. 2009ರ ನೆರೆಯನ್ನು ಆ ಮನೆ ತಡೆದುಕೊಂಡಿತ್ತು. 2019ರ ಆಗಸ್ಟಿನ ನೆರೆ ತಡೆಯಲಿಲ್ಲ. ಆ ಸಲ ನವಿಲುತೀರ್ಥದಿಂದ ಬಿಟ್ಟ ನೀರು ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಬಂದು ನಿಂತದ್ದನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ನೀರು ಇಳಿದ ಮೇಲೆ ಮನೆಯ ಹಿಂದಿನ ಅರ್ಧ ಕುಸಿಯಿತು. ಪೂರ್ಣ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಪರಿಹಾರ ಘೋಷಿಸಿತು. ದೊಡ್ಡಪ್ಪ ಊರ ಮೇಲುಗಡೆ ಇದ್ದ ಜಾಗದಲ್ಲಿ ಸಣ್ಣ ಮನೆ ಕಟ್ಟಿಕೊಂಡರು. ಹಳೇ ಮನೆಯ ಮುಂದಿನ ಅರ್ಧ ಹಾಗೇ ನಿಂತಿತ್ತು: ಪಡಸಾಲೆ, ನಾಲ್ಕು ಕಂಬ, ಎರಡು ದೊಡ್ಡ ತೊಲೆ, ಮೇಲೆ ಮಣ್ಣಿನ ಮಾಳಿಗೆ.

ಪ್ರತಿ ಮಳೆಗಾಲಕ್ಕೆ ಓಣಿಯ ಕಡೆಯ ಗೋಡೆ ಒಂದಿಷ್ಟು ಹೊರಗೆ ವಾಲುತ್ತಿತ್ತು. ಅದೇ ಓಣಿಯಲ್ಲಿ ಅಂಗನವಾಡಿಗೆ ಹೋಗುವ ಮಕ್ಕಳು ಓಡಾಡುತ್ತಾರೆ. ಪಂಚಾಯ್ತಿಯವರು ಎರಡು ಸಲ ಹೇಳಿ ಹೋದರು. ದೊಡ್ಡವ್ವ ಮಾತ್ರ ದಿನಾ ಹೇಳುತ್ತಿದ್ದಳು: “ಮಳಿ ಬರೂದ್ರಾಗ ಇಳಸ್ರಪಾ. ಯಾರದರ ಕೂಸಿನ ಮ್ಯಾಲ ಬಿದ್ರ ನಮ್ಮ ಜಲಮಕ್ಕ ಅದು ಹೋಗೂದಿಲ್ಲ.”

ಜೆಸಿಬಿ ತರಿಸಿದರೆ ಅರ್ಧ ದಿನದ ಕೆಲಸ. ಆದರೆ ಓಣಿಯ ಅಗಲ ಆರು ಅಡಿ. ಪಕ್ಕದ ಮನೆಯವರದ್ದೂ ನಮ್ಮದೂ ಒಂದೇ ನಡುಗೋಡೆ. ಜೆಸಿಬಿ ನಮ್ಮ ಗೋಡೆ ತಳ್ಳಿದರೆ ಅವರ ಮಾಳಿಗೆ ಇಳಿಯುತ್ತದೆ. ಇನ್ನೊಂದು ಮಾತು, ಜೆಸಿಬಿ ಮುಟ್ಟಿದ ಮನೆಯಲ್ಲಿ ಕಟ್ಟಿಗೆ, ಕಲ್ಲು, ಮಣ್ಣು ಎಲ್ಲ ಒಂದಾಗುತ್ತದೆ. ಸಾಗವಾನಿ ಕಂಬ ಸೀಳುತ್ತದೆ, ಕೆತ್ತಿದ ಬೋದಿಗೆ ಒಡೆಯುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದದ್ದು ನಮ್ಮ ಹಿರಿಯರ ಕಣ್ಣಮುಂದೆ. ಕಂಬ, ಚೌಕಟ್ಟು, ಬಾಗಿಲು ಬಿಚ್ಚಿ ಒಯ್ದವರಿಗೆ ಮನೆಯ ಒಂದು ತುಂಡಾದರೂ ಉಳಿಯಿತು ಎಂದು ದೊಡ್ಡಪ್ಪ ಈಗಲೂ ಹೇಳುತ್ತಾರೆ. ಅವರು ‘ಕೆಡವುದು’ ಅನ್ನುವುದೇ ಇಲ್ಲ. ‘ಬಿಚ್ಚೂದು’ ಅನ್ನುತ್ತಾರೆ.

ಬಿಚ್ಚುವ ಕೆಲಸ ಶುರು ಮಾಡಿದ್ದು ಗ್ರೈಂಡರಿನಿಂದ. ನಮ್ಮ ಭಾಗದ ಅರ್ಧ ಅಪಘಾತ ಶುರುವಾಗುವುದೂ ಅಲ್ಲಿಂದಲೇ.

ನಾಲ್ಕು ಇಂಚಿನ ಗ್ರೈಂಡರ್ ಈಗ ಎಲ್ಲರ ಮನೆಯಲ್ಲೂ ಇದೆ. ಕಬ್ಬಿಣ ಕೊಯ್ಯಲು, ಉಜ್ಜಲು ಅದು ಸರಿ. ಆದರೆ ಅದಕ್ಕೆ ಕಟ್ಟಿಗೆ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುತ್ತಾರೆ. ಆಳ ಕೊಯ್ಯಲಿ ಎಂದು ಗಾರ್ಡ್ ತೆಗೆದು ಒಗೆಯುತ್ತಾರೆ. ಅಷ್ಟು ಮಾಡಿದರೂ ಆ ಬ್ಲೇಡ್ ಒಂದು ಇಂಚಿನ ಮೇಲೆ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಆರು ಇಂಚಿನ ಜಂತಿಯನ್ನು ನಾಲ್ಕೂ ಕಡೆಯಿಂದ ಕೊಯ್ದರೂ ನಡುವೆ ಉಳಿಯುತ್ತದೆ. ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ಆ ಹಲ್ಲಿಗೆ ಕಟ್ಟಿಗೆಯೊಳಗಿನ ಒಂದು ಹಳೇ ಮೊಳೆ ಸಿಕ್ಕರೆ ಮಷಿನ್ ಕೈಯಿಂದ ಹಾರುತ್ತದೆ.

ನಮಗೂ ಹಾಗೇ ಆಯಿತು. ಏಣಿಯ ಮೇಲೆ ನಿಂತು ಮೊದಲ ಜಂತಿ ಕೊಯ್ಯುತ್ತಿದ್ದ ತಮ್ಮನ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬ್ಲೇಡ್ ಹಾಯಿತು. ಒಂಬತ್ತು ಹೊಲಿಗೆ ಬಿದ್ದವು. ಬೆರಳು ಉಳಿದವು. ಆದರೆ ಇವತ್ತಿಗೂ ಅವನಿಗೆ ಹೆಬ್ಬೆರಳಿನಿಂದ ಮೊಳೆ ಬಿಗಿಯಾಗಿ ಹಿಡಿಯಲು ಬರುವುದಿಲ್ಲ. ಬಡಿಗನಿಗೆ ಅದು ಸಣ್ಣ ಮಾತಲ್ಲ.

ಆ ರಾತ್ರಿ ಆಸ್ಪತ್ರೆಯ ಬಾಂಕಿನ ಮೇಲೆ ಕೂತಾಗ ಒಂದು ವಿಷಯ ನಮ್ಮನ್ನು ಬಹಳ ಕಾಡಿತು. ಇಂಥ ಸುದ್ದಿಯನ್ನು ನಾವೇ ಎಷ್ಟೋ ಸಲ ಕಳಿಸಿದ್ದೇವೆ. ನಾಲ್ಕು ಸಾಲು. ‘ಆಕಸ್ಮಿಕವಾಗಿ ಯಂತ್ರ ತಗುಲಿ ಗಾಯ.’ ಯಾವ ಯಂತ್ರ, ಯಾವ ಬ್ಲೇಡ್, ಗಾರ್ಡ್ ಇತ್ತೋ ಇಲ್ಲವೋ ಎಂದು ಒಂದು ಸಲವೂ ಕೇಳಿರಲಿಲ್ಲ. ನಮ್ಮ ಮನೆಯಲ್ಲೇ ಆದಾಗ ಗೊತ್ತಾಯಿತು, ಅದು ಆಕಸ್ಮಿಕ ಅಲ್ಲ. ಗಾರ್ಡ್ ತೆಗೆದವರು ನಾವೇ. ತಪ್ಪು ಮಷಿನ್ ಕೈಗೆ ಕೊಟ್ಟವರೂ ನಾವೇ.

ಹದಿನೈದು ದಿನ ಕೆಲಸ ನಿಂತಿತು. ಆ ಹೊತ್ತಿನಲ್ಲಿ ಕೇಳಿ, ಓದಿ, ಬಾಗಲಕೋಟೆ ಮತ್ತು ಹುಬ್ಬಳ್ಳಿಯ ಅಂಗಡಿ ತಿರುಗಿ ತಿಳಿದುಕೊಂಡೆವು.

ಚೈನ್ ಗರಗಸ ತಗೊಳ್ಳಿ ಎಂದರು ಕೆಲವರು. ಹಸಿ ಮರ ಕೊಯ್ಯಲು ಅದು ಒಳ್ಳೆಯದು. ಹಳೇ ಮನೆಯ ಕಟ್ಟಿಗೆಯಲ್ಲಿ ಮೊಳೆ ಇರುತ್ತದೆ, ಕಬ್ಬಿಣದ ಪಟ್ಟಿ ಇರುತ್ತದೆ, ಮಣ್ಣು ಮೆತ್ತಿರುತ್ತದೆ. ಅದು ಚೈನಿನ ಹಲ್ಲು ತಿನ್ನುತ್ತದೆ. ಏಣಿಯ ಮೇಲೆ ಚೈನ್ ಗರಗಸ ಎತ್ತುವುದು ಗ್ರೈಂಡರಿಗಿಂತ ಕೆಟ್ಟ ಕೆಲಸ.

ರೆಸಿಪ್ರೊ ಗರಗಸ ಬೇರೆ ತರಹ. ಕೈಗರಗಸದಂತೆ ಬ್ಲೇಡ್ ಹಿಂದಕ್ಕೆ ಮುಂದಕ್ಕೆ ಓಡುತ್ತದೆ, ಮೋಟಾರ್ ಓಡಿಸುತ್ತದೆ, ಅಷ್ಟೇ ವ್ಯತ್ಯಾಸ. ಅಮೆರಿಕದ ಮಿಲ್ವಾಕಿ ಕಂಪನಿ 1951ರಲ್ಲಿ ‘ಸಾಜಾಲ್’ ಎಂಬ ಹೆಸರಿನಲ್ಲಿ ಕೈಯಲ್ಲಿ ಹಿಡಿಯುವ ಇಂಥ ಗರಗಸ ಮಾರಾಟಕ್ಕೆ ತಂದಿತು. ಈಗ ಬಾಷ್, ಮಕೀಟಾ, ಡಿವಾಲ್ಟ್ ಎಲ್ಲರೂ ಮಾಡುತ್ತಾರೆ. ಸರಿಯಾದ ಬ್ಲೇಡ್ ಹಾಕಿದರೆ ಮೊಳೆ ಇದ್ದ ಕಟ್ಟಿಗೆ, ಸರಳು, ಪೈಪು ಎಲ್ಲ ಕೊಯ್ಯುತ್ತದೆ. ಇದೂ ಅಪಾಯದ ಮಷಿನ್ನೇ. ಆದರೆ ಎರಡು ಕೈಯಿಂದ ಹಿಡಿಯಲೇಬೇಕು, ಹಾಗಾಗಿ ಎರಡೂ ಕೈ ಬ್ಲೇಡಿನ ಹಿಂದೆ ಇರುತ್ತವೆ.

ನಮ್ಮ ಕೆಲಸಕ್ಕೆ ಇದರ ದೊಡ್ಡ ಉಪಯೋಗ ಇನ್ನೊಂದು. ಜಂತಿಯ ತುದಿ ಗೋಡೆಯೊಳಗೆ ಹೂತಿರುತ್ತದೆ. ಹಾರಿ ಹಾಕಿ ಮೀಟಿ ಎಳೆದರೆ ಜಂತಿಯ ಜೊತೆ ಗೋಡೆಯ ಕಲ್ಲೂ ಬರುತ್ತದೆ. ರೆಸಿಪ್ರೊ ಬ್ಲೇಡ್ ಸ್ವಲ್ಪ ಬಾಗುತ್ತದೆ. ಗೋಡೆಗೆ ಹತ್ತಿ ಜಂತಿಯನ್ನು ಕೊಯ್ದು, ತುದಿಯನ್ನು ಗೋಡೆಯಲ್ಲೇ ಬಿಡಬಹುದು. ಗೋಡೆ ಅಲುಗುವುದಿಲ್ಲ. ಪಕ್ಕದ ಮನೆಯವರ ಮಾಳಿಗೆ ಉಳಿಯುತ್ತದೆ.

ಈಗ ಆಯ್ಕೆಯ ಮಾತು.

ಮೊದಲನೆಯದು, ವೈರಿನದೋ ಬ್ಯಾಟರಿಯದೋ. ಶಕ್ತಿ ನೋಡಿದರೆ ವೈರಿನದೇ ಮೇಲು. 1,000 ರಿಂದ 1,200 ವ್ಯಾಟಿನ ಮಷಿನ್ ದಿನವಿಡೀ ಓಡುತ್ತದೆ, ಬೆಲೆಯೂ ಕಡಿಮೆ. ಆದರೆ ಮನೆ ಕೆಡವುವ ಮೊದಲು ಮೀಟರ್ ತೆಗೆಸಬೇಕು, ತೆಗೆಸಲೇಬೇಕು. ಗೋಡೆಯೊಳಗೆ ಕರೆಂಟ್ ಇದ್ದಾಗ ಗರಗಸ ಹಾಕಬಾರದು. ಮೀಟರ್ ತೆಗೆದ ಮನೆಗೆ ಕರೆಂಟ್ ಎಲ್ಲಿಂದ? ಪಕ್ಕದ ಮನೆಯಿಂದ ಉದ್ದ ವೈರ್ ಎಳೆಯಬೇಕು. ತೆಳುವಾದ ವೈರ್ ಬಿಸಿಯಾಗುತ್ತದೆ, ಮಷಿನ್ ಸೊರಗುತ್ತದೆ. ಎಳೆಯುವುದಾದರೆ 2.5 ಚದರ ಮಿ.ಮೀ. ತಾಮ್ರದ ವೈರ್ ಎಳೆಯಿರಿ.

ಬ್ಯಾಟರಿಯದು ಏಣಿಯ ಮೇಲೆ ಹಗುರ, ಕಾಲಿಗೆ ವೈರ್ ತೊಡರುವುದಿಲ್ಲ. ಆದರೆ ಲೆಕ್ಕ ತಿಳಿದಿರಲಿ. 18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 90 ವ್ಯಾಟ್-ಅವರ್. ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಅದರಲ್ಲಿ ಹತ್ತು ತಾಸು ಉರಿಯುತ್ತದೆ. ಗರಗಸದಂಥ ಭಾರಿ ಕೆಲಸಕ್ಕೆ ಅದು ಬೇಗ ತೀರುತ್ತದೆ. ಎರಡು ಬ್ಯಾಟರಿ ಇಲ್ಲದೆ ಕೆಲಸಕ್ಕೆ ಇಳಿಯಬೇಡಿ. 2 ಆಂಪಿಯರಿನ ಸಣ್ಣ ಬ್ಯಾಟರಿ ಡ್ರಿಲ್ಲಿಗೆ ಸಾಕು, ಇದಕ್ಕೆ ಸಾಲದು.

ತಮ್ಮನ ಹತ್ತಿರ ಮೊದಲೇ 18 ವೋಲ್ಟಿನ ಡ್ರಿಲ್ ಇತ್ತು, ಎರಡು ಬ್ಯಾಟರಿ, ಚಾರ್ಜರ್ ಇದ್ದವು. ಅದೇ ಕಂಪನಿಯ ಗರಗಸವನ್ನು ಬ್ಯಾಟರಿ ಇಲ್ಲದೆ ಬರೀ ಮಷಿನ್ ಆಗಿ ಕೊಂಡೆವು. ಅಂಗಡಿಯವ ಮೊದಲು ಇಡೀ ಸೆಟ್ ತೋರಿಸಿದ್ದ. ಆ ಬೆಲೆ ಕೇಳಿದಾಗ ನಮ್ಮ ಮೂರು ತಿಂಗಳ ಸುದ್ದಿ ಗಳಿಕೆ ಕಣ್ಣಮುಂದೆ ಬಂತು. ನಿಮ್ಮ ಮನೆಯಲ್ಲಿ ಯಾವ ಕಂಪನಿಯ ಬ್ಯಾಟರಿ ಇದೆ ಎಂದು ನೋಡಿಕೊಂಡೇ ಅಂಗಡಿಗೆ ಹೋಗಿ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂಡುವುದಿಲ್ಲ.

ಎರಡನೆಯದು ಸ್ಟ್ರೋಕ್. ಬ್ಲೇಡ್ ಒಂದು ಸಲ ಎಷ್ಟು ದೂರ ಓಡುತ್ತದೆ ಎಂಬ ಅಳತೆ. ದೊಡ್ಡ ಮಷಿನ್‌ಗಳಲ್ಲಿ 28 ರಿಂದ 32 ಮಿ.ಮೀ. ಇರುತ್ತದೆ. ಮರ ಕೊಯ್ಯಲು ಉದ್ದ ಸ್ಟ್ರೋಕ್ ಬೇಕು, ಹೊಟ್ಟು ಹೊರಗೆ ಬರುತ್ತದೆ. ಒಂದು ಕೈಯಲ್ಲಿ ಹಿಡಿಯುವ ಪುಟ್ಟ ಮಷಿನ್‌ಗಳು ಕೊಂಬೆಗೆ, ಪೈಪಿಗೆ ಸರಿ, ಜಂತಿಗೆ ಅಲ್ಲ.

ಮೂರನೆಯದು ಟ್ರಿಗರ್. ಒತ್ತಿದಷ್ಟು ವೇಗ ಬರಬೇಕು. ಮರಕ್ಕೆ ಜೋರು, ಕಬ್ಬಿಣಕ್ಕೆ ನಿಧಾನ. ಕಬ್ಬಿಣವನ್ನು ಪೂರ್ತಿ ವೇಗದಲ್ಲಿ ಕೊಯ್ದರೆ ಹಲ್ಲು ಸುಟ್ಟು ನೀಲಿ ಆಗುತ್ತದೆ.

ನಾಲ್ಕನೆಯದು ಬ್ಲೇಡ್ ಬದಲಿಸುವ ರೀತಿ. ಪಾನಾ ಇಲ್ಲದೆ, ಕೈಯಿಂದ ತಿರುವಿ ಬಿಡಿಸುವಂತೆ ಇರಲಿ. ಏಣಿಯ ಮೇಲಿದ್ದಾಗ ಜೇಬಿನಲ್ಲಿ ಪಾನಾ ಹುಡುಕುವುದು ಆಗದ ಮಾತು. ಬ್ಲೇಡ್ ಬದಲಿಸುವಾಗ ಬ್ಯಾಟರಿ ತೆಗೆಯಿರಿ, ವೈರಿನದಾದರೆ ಪ್ಲಗ್ ಕೀಳಿ. ಈಗ ತಾನೇ ಕೊಯ್ದ ಬ್ಲೇಡ್ ಕೈ ಸುಡುತ್ತದೆ, ಅದೂ ನೆನಪಿರಲಿ.

ಐದನೆಯದು ತೂಕ ಮತ್ತು ನಡುಕ. ಅಂಗಡಿಯಲ್ಲಿ ಮಷಿನ್ನನ್ನು ತಲೆಯ ಎತ್ತರಕ್ಕೆ ಎತ್ತಿ ಎರಡು ನಿಮಿಷ ಹಿಡಿದು ನೋಡಿ. ಮೂರೂವರೆ ನಾಲ್ಕು ಕಿಲೋ ಕೌಂಟರಿನ ಮೇಲೆ ಹಗುರ, ತಲೆಯ ಮೇಲೆ ಅಲ್ಲ. ನಡುಕ ಕಡಿಮೆ ಇರುವುದನ್ನೇ ಆರಿಸಿ. ದಿನವಿಡೀ ನಡುಗುವ ಮಷಿನ್ ಹಿಡಿದರೆ ಬೆರಳು ಜೋಮು ಹಿಡಿಯುತ್ತವೆ, ವರ್ಷಗಟ್ಟಲೆ ಹಾಗೇ ಆದರೆ ಅದು ಕಾಯಿಲೆಯಾಗಿ ಉಳಿಯುತ್ತದೆ. ಜಿಎಸ್‌ಟಿ ಬಿಲ್, ವಾರಂಟಿ ಕಾರ್ಡ್ ಕೇಳಿ ತಗೊಳ್ಳಿ. ರಿಪೇರಿ ಎಲ್ಲಿ ಆಗುತ್ತದೆ ಎಂದು ಆಗಲೇ ಕೇಳಿ.

ಇಷ್ಟೆಲ್ಲ ನೋಡಿ ಕೊಂಡ ನಾವು ಬ್ಲೇಡಿನಲ್ಲಿ ಸೋತೆವು. ಮಷಿನ್ ಒಂದು ಸಲ ಕೊಳ್ಳುವುದು, ಬ್ಲೇಡ್ ಮತ್ತೆ ಮತ್ತೆ ಕೊಳ್ಳುವುದು. ಅಗ್ಗ ಎಂದು ಒಂದೇ ತರಹದ ಹತ್ತು ಬ್ಲೇಡ್ ತಂದೆವು. ಎಲ್ಲವೂ ಹಸಿ ಮರಕ್ಕೆ ಆಗುವಂಥವು, ದೊಡ್ಡ ದೊಡ್ಡ ಹಲ್ಲು. ಮೊದಲ ಮೊಳೆಗೇ ನಾಲ್ಕು ಹಲ್ಲು ಉದುರಿದವು. ಮಧ್ಯಾಹ್ನದ ಊಟದ ಹೊತ್ತಿಗೆ ಆರು ಬ್ಲೇಡ್ ಮುಗಿದಿದ್ದವು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ನೋಡಿ, “ಕಟಗಿ ಕೊಯ್ಯಾಕ ಹತ್ತೀರೋ, ಬ್ಲೇಡ ಕೊಯ್ಯಾಕ ಹತ್ತೀರೋ?” ಎಂದು ಕೇಳಿದರು.

ಬ್ಲೇಡಿನ ಮೇಲೆ ಟಿಪಿಐ ಎಂದು ಬರೆದಿರುತ್ತದೆ. ಒಂದು ಇಂಚಿನಲ್ಲಿ ಎಷ್ಟು ಹಲ್ಲು ಎಂಬ ಲೆಕ್ಕ. ಮೊಳೆ ಇರುವ ಹಳೇ ಕಟ್ಟಿಗೆಗೆ 6 ಟಿಪಿಐಯ, ‘ಮರ ಮತ್ತು ಲೋಹ’ ಎಂದು ಬರೆದಿರುವ ಬೈ-ಮೆಟಲ್ ಬ್ಲೇಡ್ ತಗೊಳ್ಳಿ. ಬೈ-ಮೆಟಲ್ ಅಂದರೆ ಬೆನ್ನು ಬಾಗುವ ಉಕ್ಕು, ಹಲ್ಲು ಗಟ್ಟಿ ಉಕ್ಕು. ಸರಳು, ಪೈಪಿಗೆ 14 ರಿಂದ 18 ಟಿಪಿಐ. ಒಂದು ಸುಲಭ ಲೆಕ್ಕ: ಕೊಯ್ಯುವ ಲೋಹದ ದಪ್ಪದಲ್ಲಿ ಕನಿಷ್ಠ ಮೂರು ಹಲ್ಲು ಕೂಡಬೇಕು. ಇಲ್ಲದಿದ್ದರೆ ಹಲ್ಲು ಸಿಕ್ಕಿ ಮುರಿಯುತ್ತದೆ. ತೆಳು ತಗಡಿಗೆ ಈ ಮಷಿನ್ ಬೇಡ, ತಗಡು ಕೊಯ್ಯುವ ಕತ್ತರಿಯೇ ಸರಿ. ಕಾರ್ಬೈಡ್ ಹಲ್ಲಿನ ಬ್ಲೇಡ್ ಬಹಳ ದಿನ ಬಾಳುತ್ತದೆ, ಬೆಲೆಯೂ ಹಾಗೇ ಇದೆ. ಒಂದು ಇಟ್ಟುಕೊಂಡಿರಿ.

ಉದ್ದದ ಲೆಕ್ಕವೂ ಇದೆ. ಕೊಯ್ಯುವ ಕಟ್ಟಿಗೆಯ ದಪ್ಪಕ್ಕಿಂತ ಬ್ಲೇಡ್ ಎರಡು ಮೂರು ಇಂಚು ಉದ್ದ ಇರಬೇಕು. ಆರು ಇಂಚಿನ ಜಂತಿಗೆ 9 ಇಂಚಿನ ಬ್ಲೇಡ್. ಅದಕ್ಕಿಂತ ಉದ್ದ ಬೇಡ, ಉದ್ದ ಬ್ಲೇಡ್ ಹೆಚ್ಚು ಒದರಾಡುತ್ತದೆ.

ಇನ್ನೊಂದು ತಪ್ಪು ಹಿಡಿಯುವುದರಲ್ಲಿ ಮಾಡಿದೆವು. ಮಷಿನ್ನಿನ ಮೂತಿಗೆ ಒಂದು ಕಬ್ಬಿಣದ ಪಾದ ಇರುತ್ತದೆ. ಅದನ್ನು ಕಟ್ಟಿಗೆಗೆ ಒತ್ತಿ ಇಡಬೇಕು. ನಾವು ದೂರ ಹಿಡಿದು ಕೊಯ್ದೆವು. ಜಂತಿ ಕೊಯ್ಯುವ ಬದಲು ಮಷಿನ್ ನಮ್ಮನ್ನೇ ಜಗ್ಗಾಡಿತು, ಬ್ಲೇಡ್ ಬಾಗಿತು. ಪಾದ ಒತ್ತಿ ಹಿಡಿದ ಮೇಲೆ ಗದ್ದಲ ನಿಂತು ಕೆಲಸ ಸಾಗಿತು.

ಕೆಲಸದ ಕ್ರಮ ದೊಡ್ಡಪ್ಪ ಹೇಳಿದ್ದು: ಕಟ್ಟಿದ್ದಕ್ಕೆ ಉಲ್ಟಾ ಬಿಚ್ಚಬೇಕು. ಮೊದಲು ಮಾಳಿಗೆಯ ಮಣ್ಣು. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಅದರ ತೂಕ ನಾಲ್ಕು ಟನ್ನಿಗೂ ಮಿಕ್ಕಿ ಆಗುತ್ತದೆ. ಅಷ್ಟು ಭಾರ ತಲೆಯ ಮೇಲಿಟ್ಟುಕೊಂಡು ಕೆಳಗೆ ಜಂತಿ ಕೊಯ್ಯುವುದು ಸಾವನ್ನು ಕರೆದಂತೆ. ಎರಡು ದಿನ ಸಲಿಕೆ ಬುಟ್ಟಿಯಲ್ಲಿ ಮಣ್ಣು ಇಳಿಸಿದೆವು, ಎರಡೂ ಕಡೆಯಿಂದ ಸಮನಾಗಿ. ಅಕ್ಕಪಕ್ಕದ ಜಂತಿಗೆ ಆಧಾರದ ಬಳ್ಳಿ ಕಟ್ಟಿ, ಕೆಳಗೆ ಊರುಗಂಬ ಕೊಟ್ಟು, ಆಮೇಲೆ ಗರಗಸ. ಆಧಾರವಿಲ್ಲದ ಜಂತಿಯನ್ನು ನಡುವೆ ಕೊಯ್ದರೆ ಅದು ಬಾಗಿ ಬ್ಲೇಡನ್ನು ಕಚ್ಚುತ್ತದೆ. ಇಪ್ಪತ್ತೆರಡು ಜಂತಿ ಒಂದೂವರೆ ದಿನದಲ್ಲಿ ಇಳಿದವು. ನಡುಗೋಡೆಯ ಒಂದು ಕಲ್ಲೂ ಅಲುಗಲಿಲ್ಲ. ಪಕ್ಕದ ಮನೆಯ ಅಜ್ಜಿ ಮೂರು ದಿನ ನಮ್ಮನ್ನು ಅನುಮಾನದಿಂದ ನೋಡುತ್ತಿದ್ದವಳು, ನಾಲ್ಕನೇ ದಿನ ಚಹಾ ಕಳಿಸಿದಳು.

ಕೊನೆಗೆ ಉಳಿದದ್ದು ಎರಡು ತೊಲೆ. ಹದಿನಾಲ್ಕು ಅಡಿ ಉದ್ದದ ಸಾಗವಾನಿ. ಇಳಿಸುವುದು ಕಷ್ಟ, ನಡುವೆ ಕೊಯ್ದರೆ ಸುಲಭ ಎಂದು ಗೌಂಡಿ ತಮ್ಮ ಮಷಿನ್ ಎತ್ತಿದ. ದೊಡ್ಡಪ್ಪ ಕಟ್ಟೆಯಿಂದ ಎದ್ದು ಬಂದರು. “ಕೊಯ್ಯಬ್ಯಾಡ್ರಿ. ಕೊಯ್ದರ ಅದು ಉರವಲ. ಇಡೀ ಇಳಿಸಿದ್ರ ಮತ್ತೊಂದು ಮನಿ.” ಮಷಿನ್ ಬದಿಗಿಟ್ಟೆವು. ಓಣಿಯ ಎಂಟು ಮಂದಿಯನ್ನು ಕರೆದು, ಹಗ್ಗ ಮತ್ತು ಚೈನ್ ಪುಲ್ಲಿ ಹಾಕಿ ಸಂಜೆಯೊಳಗೆ ಇಡೀ ತೊಲೆ ಇಳಿಸಿದೆವು. ಏನು ಕೊಯ್ಯಬಾರದು ಎಂಬುದು ಯಾವ ಅಂಗಡಿಯವನೂ ಹೇಳಿರಲಿಲ್ಲ.

ಈ ಮಷಿನ್ನಿಗೆ ಆಗದ ಕೆಲಸವೂ ಇವೆ. ನಮ್ಮ ಕೆಂಪು ಕಲ್ಲಿನ ಗೋಡೆಗೆ ಹಾರಿ, ಸುತ್ತಿಗೆಯೇ ಬೇಕು. ಹಳೇ ಸಿಮೆಂಟ್ ಶೀಟುಗಳನ್ನು ಗರಗಸದಿಂದ ಕೊಯ್ಯಲೇಬೇಡಿ. ಅದರಲ್ಲಿ ಕಲ್ನಾರು ಇರುತ್ತದೆ, ಆ ಧೂಳು ಪುಪ್ಪುಸಕ್ಕೆ ಸೇರಿದರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಆಗಿ ಎದ್ದೀತು. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ ಇಡೀ ಶೀಟ್ ಇಳಿಸಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ತಲೆಗೆ ಹೆಲ್ಮೆಟ್ ಇರಲಿ.

ಬಾದಾಮಿ ಪಟ್ಟಣ, ಐಹೊಳೆ, ಪಟ್ಟದಕಲ್ಲಿನವರಿಗೆ ಒಂದು ಎಚ್ಚರಿಕೆ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ ಇದೆ, ಅದರಾಚೆ 200 ಮೀಟರ್ ಅನುಮತಿ ಬೇಕಾದ ಪ್ರದೇಶ. 2010ರ ತಿದ್ದುಪಡಿ ಕಾಯ್ದೆ ಇದನ್ನು ಬಿಗಿ ಮಾಡಿತು. 100 ಮೀಟರ್ ಒಳಗಿನ ಹಳೇ ಮನೆಗೆ ಅನುಮತಿ ಪಡೆದು ದುರಸ್ತಿ ಮಾಡಿಸಬಹುದು. ಪೂರ್ತಿ ಕೆಡವಿ ಆಮೇಲೆ ಕಟ್ಟುತ್ತೇವೆ ಎಂದು ಹೋದರೆ ಮನೆಯೂ ಇಲ್ಲ, ಅನುಮತಿಯೂ ಇಲ್ಲ ಎಂಬಂತಾದೀತು. ಮೊದಲು ಅರ್ಜಿ, ಆಮೇಲೆ ಗರಗಸ.

ಇನ್ನೊಂದು ವಿಷಯ ತಮ್ಮನ ಕೈಗೆ ಗಾಯವಾದ ಮೇಲೆಯೇ ನಮಗೆ ತಿಳಿದದ್ದು. ಕಾನೂನಿನ ಲೆಕ್ಕದಲ್ಲಿ ಕಟ್ಟುವುದಷ್ಟೇ ಅಲ್ಲ, ಕೆಡವುವುದೂ ಕಟ್ಟಡ ಕೆಲಸವೇ. 18 ರಿಂದ 60 ವರ್ಷದೊಳಗಿನವರು, ವರ್ಷದಲ್ಲಿ 90 ದಿನ ಇಂಥ ಕೆಲಸ ಮಾಡಿದವರು ಕಾರ್ಮಿಕರ ಕಾರ್ಡಿಗೆ ಅರ್ಜಿ ಹಾಕಬಹುದು. ಗೌಂಡಿಗೆ ಕಾರ್ಡ್ ಇತ್ತು. ಬಡಿಗನಿಗೆ ಇರಲಿಲ್ಲ. ಊರೂರಿನ ಸುದ್ದಿ ಬರೆಯುವ ನಮ್ಮ ಮನೆಯಲ್ಲೇ ಇರಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ಈಗ ಮಾಡಿಸಿದ್ದೇವೆ.

ಜೂನಿನ ಮೊದಲ ಮಳೆಗೆ ಆ ಜಾಗ ಬಯಲಾಗಿತ್ತು. ತೊಲೆ, ಕಂಬ, ಬೋದಿಗೆ ಹೊಸ ಮನೆಯ ಹಿಂದೆ ತಗಡಿನ ಕೆಳಗೆ ಒಟ್ಟಿವೆ. ಹಳೇ ಚೌಕಟ್ಟನ್ನು ಮಾತ್ರ ತಮ್ಮನೇ ಕೆರೆದು, ಎಣ್ಣೆ ಕೊಟ್ಟು ಹೊಸ ಮನೆಯ ದೇವರ ಕೋಣೆಗೆ ಕೂಡಿಸಿದ. ಹೆಬ್ಬೆರಳು ಬಿಗಿಯದ್ದರಿಂದ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಹೊಡೆದ. ದೊಡ್ಡವ್ವ ಆ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚುತ್ತಾಳೆ.

ಮಷಿನ್ ಈಗ ಊರವರಿಗೂ ಬಾಡಿಗೆಗೆ ಹೋಗುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಮೂರು ಸಾಲು ಬರೆದು ಅಂಟಿಸಿದ್ದೇವೆ: ಮೀಟರ್ ತೆಗೆಸಿದ್ದೀರಾ? ಮಣ್ಣು ಇಳಿಸಿದ್ದೀರಾ? ಎರಡೂ ಕೈಯಿಂದ ಹಿಡಿಯುತ್ತೀರಾ? ಮೂರಕ್ಕೂ ಹೌದು ಅಂದವರಿಗೆ ಬ್ಯಾಟರಿ ಕೊಡುತ್ತೇವೆ. ಇಲ್ಲ ಅಂದವರಿಗೆ ಚಹಾ ಕೊಟ್ಟು, ನಾಳೆ ಬರ್ರಿ ಅನ್ನುತ್ತೇವೆ.